ಏಳನೆಯ ಸಾಲಿನ ಬಿಡುವು

ಜನವರಿ 9

ತಮ್ಮನಿಗೆ,

ಲಕೋಟೆಯ ಮೇಲೆ ನನ್ನ ಕೈಬರಹ ನೋಡಿ ಅಮ್ಮನಿಗೆ ಏನಾಯಿತೋ ಎಂದು ಗಾಬರಿಯಾಗಬೇಡ. ಅಮ್ಮ ಚೆನ್ನಾಗಿದ್ದಾಳೆ. ಈಗಲೂ ಬೆಳಿಗ್ಗೆ ಒಂಬತ್ತಕ್ಕೆ ಕೆಳಗಿನ ಹೊಲಿಗೆ ಅಂಗಡಿಯ ಬಾಗಿಲು ತೆರೆಯುತ್ತಾಳೆ. ಸೂಜಿಗೆ ದಾರ ಪೋಣಿಸುವಾಗ ಮಾತ್ರ ನನ್ನನ್ನು ಕೂಗುತ್ತಾಳೆ, ಪೋಣಿಸಿಕೊಟ್ಟ ಮೇಲೆ ದಾರ ಉದ್ದವಾಯಿತು ಎಂದು ಬೈಯುತ್ತಾಳೆ.

ಕಾಗದದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಆಫೀಸಿನ ಈಮೇಲಿಗೆ ಬಂದದ್ದೆಲ್ಲ ಕಂಪನಿಯ ಸ್ವತ್ತು ಎಂದು ನೀನೇ ಒಂದು ಸಲ ಹೇಳಿದ್ದೆ. ಫೋನ್ ಮಾಡೋಣ ಎಂದರೆ, ಭಾನುವಾರ ನೀನು ಅಮ್ಮನ ಜೊತೆ ಮಾತಾಡುವಾಗ ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೇ ಹನ್ನೆರಡು ವರ್ಷವಾಯಿತು. ಈಗ ಏಕಾಏಕಿ ಫೋನ್ ಕಿತ್ತುಕೊಂಡು ಏನಂತ ಶುರು ಮಾಡಲಿ?

ವಿಷಯಕ್ಕೆ ಬರುತ್ತೇನೆ. ನಮ್ಮ ಬ್ರೈಲ್ ಮುದ್ರಣಾಲಯದಲ್ಲಿ ಈಗ ಮೂರು ಯಂತ್ರಗಳಿವೆ, ಮೂರೂ ನಿನ್ನ ಕಂಪನಿಯವು. ಕಣ್ಣು ಕಾಣದ ಮಕ್ಕಳ ಪಾಠದ ಪುಸ್ತಕಗಳನ್ನೆಲ್ಲ ಇವುಗಳಲ್ಲೇ ಅಚ್ಚು ಹಾಕುತ್ತೇವೆ. ದಪ್ಪ ಹಾಳೆಯ ಮೇಲೆ ಚುಕ್ಕಿ ಎಬ್ಬಿಸುವ ಈ ಯಂತ್ರದ ಹೊಟ್ಟೆಯಲ್ಲಿ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಕೂತಿದೆ. ಅದು ವರ್ಷಕ್ಕೊಮ್ಮೆ ಕಂಪನಿಯಿಂದ ಲೈಸೆನ್ಸಿನ ಕೀಲಿ ಕೇಳುತ್ತದೆ, ಕೀಲಿ ಬಾರದಿದ್ದರೆ ಯಂತ್ರ ಏಳುವುದಿಲ್ಲ. ಇದನ್ನು ನಿನಗೆ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಅದನ್ನು ಬರೆದ ತಂಡದ ಮುಖ್ಯಸ್ಥ ನೀನೇ ಅಲ್ಲವೇ?

ಹೋದ ವಾರ ಕಂಪನಿಯಿಂದ ಪತ್ರ ಬಂತು. ಈ ಮಾದರಿ ಹಳೆಯದಾಯಿತಂತೆ, ಏಪ್ರಿಲ್ 30 ಕಳೆದ ಮೇಲೆ ಕೀಲಿ ಕೊಡುವುದಿಲ್ಲವಂತೆ. ಯಂತ್ರಗಳಲ್ಲಿ ಒಂದು ಸ್ಕ್ರೂ ಕೂಡ ಸಡಿಲವಾಗಿಲ್ಲ. ಆದರೂ ಮೇ ಒಂದರ ಬೆಳಿಗ್ಗೆ ಮೂರೂ ಕಲ್ಲಾಗುತ್ತವೆ. ಜೂನಿನಲ್ಲಿ ಶಾಲೆ ತೆರೆಯುತ್ತದೆ, ನಾಲ್ಕು ತರಗತಿಗಳ ಪುಸ್ತಕ ಇನ್ನೂ ಅಚ್ಚಾಗಬೇಕು. ಹೊಸ ಯಂತ್ರ ಕೇಳಿ, ಅದು ಮಂಜೂರಾಗಿ, ಬಂದು ನಿಲ್ಲುವಷ್ಟರಲ್ಲಿ ಈ ಮಕ್ಕಳು ಪುಸ್ತಕವಿಲ್ಲದೆಯೇ ಒಂದು ತರಗತಿ ದಾಟಿರುತ್ತಾರೆ.

ಅದರ ಮೂಲ ಕೋಡ್ ನನ್ನ ಕೈಗೆ ಸಿಕ್ಕರೆ ಕೀಲಿ ಕೇಳುವ ಭಾಗವನ್ನು ತೆಗೆದು ನಾನೇ ನಡೆಸಿಕೊಂಡು ಹೋಗುತ್ತೇನೆ. ಅದು ಕಂಪನಿಯ ಸ್ವಂತದ್ದು, ಹೊರಗಿನವರಿಗೆ ತೋರಿಸುವುದಿಲ್ಲ, ಗೊತ್ತು. ಆದರೂ ಕೇಳುತ್ತಿದ್ದೇನೆ. ಏನಾದರೂ ದಾರಿ ಇದೆಯೇ?

ಇನ್ನೊಂದು ಸಣ್ಣ ಸಂದೇಹ. ಈ ಯಂತ್ರ ಏಳು ಸಾಲು ಹೊಡೆದ ಮೇಲೆ ಅರ್ಧ ಕ್ಷಣ ಸುಮ್ಮನೆ ನಿಲ್ಲುತ್ತದೆ. ಮತ್ತೆ ಏಳು ಸಾಲು, ಮತ್ತೆ ನಿಲ್ಲುತ್ತದೆ. ಯಾಕೆ?

ಇಂತಿ,
ಅಕ್ಕ


ಜನವರಿ 24

ಪ್ರಿಯ ಅಕ್ಕ,

ನಿನ್ನ ಪತ್ರ ತಲುಪಿತು. ನಾವೆಲ್ಲ ಕ್ಷೇಮ.

ಹಳೆಯ ಮಾದರಿಗಳನ್ನು ನಿಲ್ಲಿಸುವ ತೀರ್ಮಾನ ಮೇಲಿನವರದ್ದು. ಇದರಿಂದ ಕೆಲವು ಸಂಸ್ಥೆಗಳಿಗೆ ತೊಂದರೆಯಾಗುತ್ತದೆ ಎಂದು ಸಭೆಯಲ್ಲಿ ಹೇಳಿದ್ದೇನೆ. ಮತ್ತೆ ಹೇಳುತ್ತೇನೆ. ಮೂಲ ಕೋಡ್ ಹೊರಗೆ ಕೊಡುವುದು ಕಂಪನಿಯ ನಿಯಮಕ್ಕೆ ವಿರುದ್ಧ. ನನ್ನ ಕೈಯಲ್ಲಿ ಹೆಚ್ಚೇನೂ ಇಲ್ಲ.

ನೀನು ಕೇಳಿದ ನಿಲುಗಡೆ, ಅಚ್ಚೊತ್ತುವ ತಲೆ ತಣಿಯಲಿ ಎಂದು ಕೊಟ್ಟ ಬಿಡುವು. ಕೈಪಿಡಿಯ ನಲವತ್ತೊಂದನೇ ಪುಟದಲ್ಲಿ ವಿವರ ಇದೆ.

ಅಮ್ಮನಿಗೆ ನಮಸ್ಕಾರ ತಿಳಿಸು. ಅಂಗಡಿಯ ದೊಡ್ಡ ಮೇಜಿನ ಕಾಲಿನ ಕೆಳಗೆ ಆ ಇಟ್ಟಿಗೆ ಇನ್ನೂ ಇದೆಯೇ?

ಇಂತಿ,
ನಿನ್ನ ತಮ್ಮ


ಫೆಬ್ರವರಿ 2

ತಮ್ಮನಿಗೆ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ಕೊನೆಯ ಸಾಲೊಂದು ಇಲ್ಲದಿದ್ದರೆ ಇದನ್ನು ನಿನ್ನ ಕಂಪನಿಯ ಗುಮಾಸ್ತ ಬರೆದ ಎಂದುಕೊಳ್ಳುತ್ತಿದ್ದೆ.

ತಲೆ ತಣಿಯಲಿ ಎಂದೆಯಲ್ಲ, ನಾನು ಮುಟ್ಟಿ ನೋಡಿದೆ. ಆರು ಸಾಲಾದ ಮೇಲೂ ತಣ್ಣಗಿತ್ತು, ಅರವತ್ತಾದ ಮೇಲೂ ತಣ್ಣಗಿತ್ತು. ಇಡೀ ಪುಸ್ತಕ ಮುಗಿದ ಮೇಲೆ ಮುಟ್ಟಿದರೆ ನನ್ನ ಬೆರಳೇ ಅದಕ್ಕಿಂತ ಬೆಚ್ಚಗಿತ್ತು. ಅದಿರಲಿ, ನಾನು ಕೇಳಿದ್ದು ಯಂತ್ರದ ವಿಚಾರ, ನೀನು ವಿಚಾರಿಸಿದ್ದು ಅಮ್ಮನ ಮೇಜಿನ ಕಾಲು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಇಟ್ಟಿಗೆ ಅಲ್ಲೇ ಇದೆ.

ನನಗೆ ಇದು ಹೇಗೆ ಹೊಳೆಯಿತು ಎಂದು ಹೇಳುತ್ತೇನೆ. ನಮ್ಮಲ್ಲಿ ಪ್ರೂಫ್ ನೋಡುವವರೊಬ್ಬರಿದ್ದಾರೆ, ಎಲ್ಲರೂ ಪ್ರೂಫಮ್ಮ ಎಂದೇ ಕರೆಯುವುದು. ಹುಟ್ಟಿದಾಗಿನಿಂದ ಕಣ್ಣಿಲ್ಲ. ಅಚ್ಚಾದ ಪ್ರತಿ ಪುಟವನ್ನೂ ಬೆರಳಲ್ಲಿ ಓದಿ ತಪ್ಪು ಹಿಡಿಯುತ್ತಾರೆ. ಏಪ್ರಿಲ್ ಕಳೆದರೆ ಗತಿ ಏನು ಎಂದು, ಮೂಲೆಯಲ್ಲಿ ಮುಸುಕು ಹಾಕಿದ್ದ ನಮ್ಮ ಹಳೆಯ ಯಂತ್ರವನ್ನು ಡಿಸೆಂಬರಿನಲ್ಲಿ ಒರೆಸಿ ಶುರು ಮಾಡಿದೆ. ಪಕ್ಕದಲ್ಲೇ ನಿನ್ನ ಕಂಪನಿಯ ಯಂತ್ರವೂ ಓಡುತ್ತಿತ್ತು. ಪ್ರೂಫಮ್ಮ ಓದುತ್ತಿದ್ದ ಬೆರಳನ್ನು ಹಾಗೇ ನಿಲ್ಲಿಸಿ ತಲೆ ಎತ್ತಿದರು. "ಇವೆರಡೂ ಒಂದೇ ತಾಯಿ ಮಕ್ಕಳಾ?" ಎಂದರು. ಯಾಕೆ ಹಾಗೆ ಕೇಳ್ತೀರಿ ಎಂದೆ. "ಏಳು ಸಾಲಿಗೊಂದ್ಸಲ ಎರಡೂ ಒಂದೇ ಥರ ಉಸಿರು ಬಿಡ್ತಾವಲ್ಲ, ಅದಕ್ಕೆ" ಎಂದರು.

ಹದಿಮೂರು ವರ್ಷದ ಹಿಂದೆ ಆ ಹಳೆಯ ಯಂತ್ರವನ್ನು ಯಾರೋ ದಾನ ಕೊಟ್ಟರು. ನಡೆಸುವ ಪ್ರೋಗ್ರಾಮ್ ಮಾತ್ರ ಇರಲಿಲ್ಲ. ಅದನ್ನು ಮನೆಗೆ ತಂದು, ಅಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು, ಹನ್ನೊಂದು ತಿಂಗಳು ಕೂತು ನಾವಿಬ್ಬರೇ ಪ್ರೋಗ್ರಾಮ್ ಬರೆದೆವು. ಏಳು ಸಾಲಾಗುತ್ತಿದ್ದ ಹಾಗೆ ಚುಕ್ಕಿಗಳು ಅತ್ತಿತ್ತ ಓಡುತ್ತಿದ್ದವು, ನೆನಪಿದೆಯೇ? ಒಂದು ವಾರ ಕೋಡಿನಲ್ಲೆಲ್ಲ ತಪ್ಪು ಹುಡುಕಿದೆವು. ಅಮ್ಮ ಬಂದು ನೋಡಿ, "ಪಾಪ, ಅದಕ್ಕೂ ಒಂಚೂರು ಉಸಿರು ಬಿಡೋಕೆ ಬಿಡ್ರೋ" ಎಂದಳು. ಏಳನೇ ಸಾಲಿನ ಕೊನೆಗೆ ಅರ್ಧ ಕ್ಷಣ ನಿಲ್ಲಲಿ ಎಂದು ನಾನು ಬರೆದೆ. ಸರಿಹೋಯಿತು. ಮೇಜಿನ ಒಂದು ಕಾಲು ಮೋಟು, ಅದು ಅಲ್ಲಾಡುತ್ತಿತ್ತು ಎಂದು ಗೊತ್ತಾಗಿದ್ದು ಆಮೇಲೆ. ಇಟ್ಟಿಗೆ ಕೊಟ್ಟ ಮೇಲೆ ಕೋಡಿನಲ್ಲಿ ಆ ಸಾಲು ಬೇಕೇ ಇರಲಿಲ್ಲ, ಅದರ ಮೇಲೊಂದು ಟಿಪ್ಪಣಿ ಬರೆದು ಸೋಮಾರಿತನಕ್ಕೆ ಇಬ್ಬರೂ ಹಾಗೇ ಬಿಟ್ಟೆವು.

ನಿನ್ನ ಕಂಪನಿಯ ಯಂತ್ರಗಳು ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಂತಿವೆ. ಅವು ಯಾವ ಮೇಜಿಗೆ ಹೆದರಿ ನಿಲ್ಲುತ್ತವೆ, ಹೇಳು.

ಆ ಪ್ರೋಗ್ರಾಮನ್ನು ಎಲ್ಲರಿಗೂ ಬಿಟ್ಟುಕೊಟ್ಟಾಗ ಯಾವ ಲೈಸೆನ್ಸ್ ಹಾಕೋಣ ಎಂದು ನೀನೇ ಕೇಳಿದ್ದೆ. ಅಮ್ಮ ತನ್ನಲ್ಲಿ ಹೊಲಿಗೆ ಕಲಿತವರಿಗೆ ಕಾಗದದಲ್ಲಿ ಕತ್ತರಿಸಿಟ್ಟ ಅಳತೆಗಳನ್ನು ಕೊಡುವಾಗ ಏನು ಹೇಳುತ್ತಾಳೋ ಅದೇ ಇರಲಿ ಎಂದುಕೊಂಡೆವು. ಒಯ್ಯಿ, ಎಷ್ಟು ಅಂಗಿ ಬೇಕಾದರೂ ಹೊಲಿ, ಮಾರಿಕೋ. ತೋಳೋ ಕಾಲರೋ ಬದಲಾಯಿಸಿದರೆ ಆ ಹೊಸ ಕಾಗದವನ್ನು ಮಾತ್ರ ಬಚ್ಚಿಡಬೇಡ, ಕೇಳಿದವರಿಗೆ ಕೊಡು. ನಮ್ಮ ಲೈಸೆನ್ಸಿನಲ್ಲಿದ್ದದ್ದೂ ಇಷ್ಟೇ. ನಮ್ಮ ಕೋಡನ್ನು ಒಳಗೆ ಸೇರಿಸಿಕೊಂಡವರು ತಮ್ಮದನ್ನೂ ತೆರೆದು ತೋರಿಸಬೇಕು.

ನೀನು ಆ ಕಂಪನಿಗೆ ಸೇರಿದ ದಿನ ನಾನು ಬಾಗಿಲಲ್ಲಿ ನಿಂತು ಆಡಬಾರದ್ದನ್ನೆಲ್ಲ ಆಡಿದೆ. ಬೀಗ ಹಾಕುವ ಅಂಗಡಿಗೆ ಹೋಗುತ್ತಿದ್ದೀಯ ಎಂದೆ. ಕೊನೆಗೆ ಕೇಳಿಕೊಂಡದ್ದು ಮಾತ್ರ ಒಂದೇ, ಕೋಡಿನಲ್ಲಿ ನಾನು ಬರೆದ ಸಾಲುಗಳನ್ನು ಮುಟ್ಟಬೇಡ ಎಂದು. ಮುಟ್ಟಲ್ಲ ಎಂದೆ ನೀನು.

ಮುಟ್ಟಿದೆಯಾ?

ಅಕ್ಕ


ಫೆಬ್ರವರಿ 20

ಅಕ್ಕ,

ಮುಟ್ಟಿದೆ.

ಇಷ್ಟು ಬರೆದು ಮೂರು ದಿನ ಹಾಗೇ ಇಟ್ಟಿದ್ದೆ. ಸೇರಿದ ಮೊದಲ ವರ್ಷ, ಒಂದು ತಿಂಗಳಲ್ಲಿ ಯಂತ್ರ ನಡೆಯಬೇಕು ಎಂದರು. ನಾನು ಬರೆದ ಸಾಲುಗಳನ್ನಷ್ಟೇ ಒಯ್ದೆ. ಅವು ನನ್ನವು, ಒಯ್ಯುವ ಹಕ್ಕಿತ್ತು. ನಿನ್ನವಿಲ್ಲದೆ ಅವು ನಡೆಯಲೇ ಇಲ್ಲ. ಹದಿನೈದು ದಿನ ಒದ್ದಾಡಿದೆ. ಹದಿನಾರನೇ ದಿನ ನಿನ್ನವನ್ನೂ ಒಳಗೆ ಹಾಕಿದೆ, ಆಮೇಲೆ ಬರೆದು ಬದಲಾಯಿಸಿದರಾಯಿತು ಎಂದುಕೊಂಡು. ಆ ಆಮೇಲೆ ಬರಲೇ ಇಲ್ಲ.

ಆ ಬಿಡುವಿನ ಕಥೆ ಕೇಳಿದರೆ ನಗುತ್ತೀಯ. ಇದು ಯಾಕೆ ಇದೆ ಎಂದು ಹೊಸದಾಗಿ ಸೇರಿದ ಇಂಜಿನಿಯರಮ್ಮ ಕೇಳಿದಳು. ಬಾಯಿಗೆ ಬಂದದ್ದು ಹೇಳಿದೆ, ತಲೆ ತಣಿಯಲಿ ಅಂತ. ಅವಳು ನಂಬಿ ಕೈಪಿಡಿಯಲ್ಲಿ ಬರೆದಳು. ಕೈಪಿಡಿ ಓದಿದ ಇನ್ನೊಬ್ಬರು ಇಷ್ಟು ಬಿಸಿಯಾಗುತ್ತದೆಯೇ ಎಂದು ಮುಂದಿನ ಮಾದರಿಯಲ್ಲಿ ತಲೆಯ ಪಕ್ಕ ಒಂದು ಸಣ್ಣ ಫ್ಯಾನ್ ಇಟ್ಟರು. ಅಮ್ಮನ ಮೇಜಿನ ಮೋಟು ಕಾಲಿಗೆ ಈಗ ಊರೂರಲ್ಲಿ ಫ್ಯಾನ್ ತಿರುಗುತ್ತಿದೆ. ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಆ ಸಾಲನ್ನು ತೆಗೆಯಬೇಕು ಎಂಬ ಮಾತು ಬಂತು. ನಾಲ್ಕೂ ಸಲ ಬೇಡ ಎಂದು ವಾದ ಮಾಡಿದೆ. ಯಾಕೆ ಎಂದು ಕೇಳಬೇಡ.

ಈಗ ನನ್ನ ಸ್ಥಿತಿ ಕೇಳು. ಇದು ಹೊರಗೆ ಬಂದರೆ ನನ್ನನ್ನು ಉಳಿಸಿಕೊಳ್ಳುವುದಿಲ್ಲ. ನಮ್ಮ ಕಸುಬಿನಲ್ಲಿ ಬೇರೆಯವರ ಕೋಡ್ ಕದ್ದವನು ಎಂದು ಒಂದು ಸಲ ಹೆಸರು ಬಂದರೆ ಇನ್ನೊಬ್ಬರು ಬಾಗಿಲಲ್ಲೂ ನಿಲ್ಲಿಸಿಕೊಳ್ಳುವುದಿಲ್ಲ. ಮಗಳು ಈಗ ಐದನೇ ತರಗತಿ. ಅಪ್ಪ ಏನು ಮಾಡಿದ ಎಂದು ಅವಳು ಕೇಳುವ ವಯಸ್ಸು.

ಒಂದು ದಾರಿ ಇದೆ. ನಿನ್ನ ಮೂರು ಯಂತ್ರಗಳಿಗೆ ಯಾವತ್ತೂ ಮುಗಿಯದ ಕೀಲಿ ಮಾಡಿಕೊಡುವುದು ನನ್ನಿಂದ ಆಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ನಿನ್ನ ಪುಸ್ತಕಗಳು ಅಚ್ಚಾಗುತ್ತವೆ, ನಾನೂ ಉಳಿಯುತ್ತೇನೆ. ಹೂಂ ಎಂದರೆ ಸಾಕು, ಮುಂದಿನ ಲಕೋಟೆಯಲ್ಲಿ ಬರುತ್ತದೆ.

ತಪ್ಪಾಯಿತು ಎಂದು ಬರೆಯಲು ಕೂತರೆ ಆ ಮಾತು ತೀರಾ ಸಣ್ಣದು ಅನ್ನಿಸುತ್ತದೆ. ಆದರೂ ತಪ್ಪಾಯಿತು.

ನಿನ್ನ ತಮ್ಮ


ಮಾರ್ಚ್ 1

ತಮ್ಮನಿಗೆ,

ಫ್ಯಾನಿನ ಕಥೆ ಅಮ್ಮನಿಗೆ ಓದಿ ಹೇಳಿದೆ. ನಗುತ್ತಾ ನಗುತ್ತಾ ಕತ್ತರಿ ಕೆಳಗಿಟ್ಟಳು. ಉಳಿದದ್ದನ್ನು ಓದಿದ ಮೇಲೆ ಅವತ್ತು ಅಂಗಡಿ ಬೇಗ ಮುಚ್ಚಿದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವನು ನೀನು ಚಿಕ್ಕಂದಿನಿಂದಲೂ. ಸುಳ್ಳು ಯಾಕೆ ಹೇಳಲಿ, ನಿನ್ನ ಕೀಲಿಗೆ ಹೂಂ ಅಂದುಬಿಡೋಣ ಎಂದು ನನಗೂ ಅನ್ನಿಸಿತು. ಎರಡು ದಿನ ಅದನ್ನೇ ಯೋಚಿಸಿದೆ. ಬಾಗಿಲಲ್ಲಿ ನಿಂತು ಅಷ್ಟೆಲ್ಲ ಹಾರಾಡಿದ ನಾನೇ.

ಮೂರನೇ ದಿನ ಒಂದು ಕಾಗದ ಬಂತು. ದೂರದ ಒಂದು ಅಂಧರ ಶಾಲೆಯ ಮೇಷ್ಟ್ರು ಬರೆದದ್ದು, ನಾನು ಅವರನ್ನು ಕಂಡವಳೂ ಅಲ್ಲ. ಅವರಲ್ಲಿರುವುದು ಇದೇ ಮಾದರಿಯ ಒಂದೇ ಯಂತ್ರ. ನಿಮಗೇನಾದರೂ ದಾರಿ ಸಿಕ್ಕಿತೇ ಎಂದು ಕೇಳಿದ್ದಾರೆ. ನಮ್ಮ ಮೂರು ಓಡುತ್ತಿರುವಾಗ, ಅವರದು ನಿಂತಿರುವಾಗ, ಇಲ್ಲ ಮೇಷ್ಟ್ರೇ ನಮಗೂ ಏನೂ ಸಿಗಲಿಲ್ಲ ಎಂದು ಯಾವ ಮುಖ ಇಟ್ಟುಕೊಂಡು ಬರೆಯಲಿ? ಕೀಲಿ ಬೇಡ. ಕಳಿಸಬೇಡ.

ಮುದ್ರಣಾಲಯದ ವಕೀಲರ ಹತ್ತಿರ ಮಾತಾಡಿದೆ. ನಿನ್ನ ಹೆಸರು ಹೇಳಿಲ್ಲ. ನನ್ನ ಸಾಲುಗಳು ನಿಮ್ಮೊಳಗಿವೆ, ಲೈಸೆನ್ಸಿನ ಪ್ರಕಾರ ನಿಮ್ಮ ಕೋಡ್ ತೆರೆಯಿರಿ ಎಂದು ನಾನು ಕಂಪನಿಗೆ ನೋಟಿಸು ಕೊಡಬಹುದಂತೆ. ಏಪ್ರಿಲ್ ಮುಗಿಯುವುದರೊಳಗೆ ಏನಾದರೂ ಆಗಬೇಕಾದರೆ ಮಾರ್ಚ್ 20ರ ಮೇಲೆ ಹೆಚ್ಚು ತಡವಾಗಬಾರದಂತೆ. ನೋಟಿಸು ಬರೆಸಿ ಸಹಿ ಹಾಕಿ ಅಮ್ಮನ ಗುಂಡಿ ಡಬ್ಬದ ಕೆಳಗೆ ಇಟ್ಟಿದ್ದೇನೆ.

ನೀನಾಗಿ ಹೋಗಿ ಹೇಳಿದರೆ ಅದರ ರೀತಿಯೇ ಬೇರೆ. ನನ್ನ ನೋಟಿಸು ಹೋಗಿ ನಿನ್ನನ್ನು ಹಿಡಿದುಕೊಟ್ಟರೆ ಅದು ಬೇರೆ. 20ರವರೆಗೆ ಕಾಯುತ್ತೇನೆ. ಅಮ್ಮನಿಗೆ ತಾರೀಖು ಹೇಳಿದ್ದೇನೆ. ಅವಳು ನನ್ನನ್ನು ತಡೆಯಲೂ ಇಲ್ಲ, ಹೋಗು ಅನ್ನಲೂ ಇಲ್ಲ. ಮೊನ್ನೆಯಿಂದ ಗುಂಡಿ ಬೇಕಾದಾಗಲೆಲ್ಲ ಡಬ್ಬ ಎತ್ತದೆ, ಮುಚ್ಚಳ ಮಾತ್ರ ತೆಗೆದು ತೆಗೆದುಕೊಳ್ಳುತ್ತಿದ್ದಾಳೆ.

ಅಕ್ಕ


ಮಾರ್ಚ್ 18

ಅಕ್ಕ,

ಇವತ್ತು ಬೆಳಿಗ್ಗೆ ಹೇಳಿದೆ.

ಹತ್ತು ದಿನ ಇದೇ ಕೆಲಸಕ್ಕೆ ಎದ್ದು ಹೋಗುವುದು, ನಮ್ಮ ಮೇಲಧಿಕಾರಿಗಳ ಕೋಣೆಯ ಬಾಗಿಲವರೆಗೆ ನಡೆದು ನೀರು ಕುಡಿದು ವಾಪಸು ಬರುವುದು. ಅಲ್ಲಿರುವ ನೀರಿನ ಯಂತ್ರಕ್ಕೆ ನನ್ನ ಪರಿಚಯ ಚೆನ್ನಾಗಿ ಆಗಿದೆ. ಇವತ್ತು ಅವರೇ ಬಾಗಿಲು ತೆರೆದು ಹೊರಗೆ ಬಂದರು, ತಪ್ಪಿಸಿಕೊಳ್ಳಲು ಆಗಲಿಲ್ಲ. ಹೇಳಿಬಿಟ್ಟೆ. ಅವರು ಕೂಗಾಡಲಿಲ್ಲ. ಬಾಗಿಲು ಹಾಕಿಕೊಂಡು ಬಾ ಎಂದರು. ಒಂದು ಗಂಟೆ ಕೇಳಿಸಿಕೊಂಡು, ಇದನ್ನು ಇನ್ನು ಯಾರಿಗೂ ಹೇಳಬೇಡ, ವಕೀಲರು ನೋಡಲಿ ಎಂದರು. ನಿನ್ನನ್ನೂ ಮನೆಯವರನ್ನೂ ಬಿಟ್ಟು ಇನ್ನು ಯಾರಿಗೂ ಹೇಳುತ್ತಿಲ್ಲ.

ಹೆಂಡತಿಗೆ ನಿನ್ನೆ ರಾತ್ರಿಯೇ ಹೇಳಿದ್ದೆ. ಮಗಳಿಗೆ ಇವತ್ತು ಸಂಜೆ ಹೇಳುತ್ತೇನೆ.

ನೋಟಿಸು ಕಳಿಸುವ ಅಗತ್ಯ ಬೀಳಲಿಕ್ಕಿಲ್ಲ. ಇದನ್ನು ಮಧ್ಯಾಹ್ನದ ಅಂಚೆಗೆ ಹಾಕುತ್ತಿದ್ದೇನೆ, 20ರೊಳಗೆ ಬಂದು ಮುಟ್ಟುತ್ತದೆ.

ತಮ್ಮ


ಮಾರ್ಚ್ 21

ತಮ್ಮನಿಗೆ,

ನಿನ್ನೆ ಸಂಜೆಯವರೆಗೂ ಕಾದೆ. ಅಂಚೆಯವರು ಬಂದು ವಿದ್ಯುತ್ ಬಿಲ್ ಕೊಟ್ಟು ಹೋದರು. ನಿನ್ನಿಂದ ಏನೂ ಬರಲಿಲ್ಲ.

ಇವತ್ತು ಬೆಳಿಗ್ಗೆ ಡಬ್ಬ ಎತ್ತಿದೆ. ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ಬಂದೆ. ಅಮ್ಮ ಅಂಗಡಿಯಲ್ಲೇ ಇದ್ದಳು, ತಲೆ ಎತ್ತಲಿಲ್ಲ.

ನಿನಗೆ ಮೊದಲೇ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಅಕ್ಕ


ಮಾರ್ಚ್ 24

ತಮ್ಮನಿಗೆ,

ನಿನ್ನ ಕಾಗದ ನಿನ್ನೆ ಬಂತು. ಲಕೋಟೆಯ ಮೇಲಿನ ಅಂಚೆಯ ಮುದ್ರೆಯನ್ನು ಬೆಳಕಿಗೆ ಹಿಡಿದು ಮೂರು ಸಲ ನೋಡಿದೆ. ಹದಿನೆಂಟೇ.

ನೀನು ಹೇಳಿ ಮೂರು ದಿನವಾದ ಮೇಲೆ ನಾನು ನಿನ್ನನ್ನು ಹಿಡಿದುಕೊಟ್ಟೆ. ತಾಳಿದವನು ಬಾಳಿಯಾನು ಎಂದು ಅಮ್ಮ ನಮಗೆ ಸಾವಿರ ಸಲ ಹೇಳಿರಬೇಕು. ಇನ್ನೆರಡು ದಿನ ಕಾದಿದ್ದರೆ ಏನೂ ಮುಳುಗಿಹೋಗುತ್ತಿರಲಿಲ್ಲ. ಕಾಯದೇ ಇದ್ದದ್ದು ಮಕ್ಕಳ ಪುಸ್ತಕಕ್ಕಾಗಿ ಎಂದು ಎಲ್ಲರಿಗೂ ಹೇಳಬಹುದು. ನಿನಗೆ ನಿಜ ಹೇಳುತ್ತೇನೆ. ನೀನು ಹೇಳುವುದಿಲ್ಲ ಎಂದು ನಾನು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಹನ್ನೆರಡು ವರ್ಷದ ಹಿಂದೆಯೇ.

ಅದು ನನಗೆ ನಾಚಿಕೆಯಾಗುವ ವಿಷಯ. ನಿನ್ನ ಮೇಲೆ ನಂಬಿಕೆ ಇಡದೇ ಹೋದೆ.

ಅಕ್ಕ


ಏಪ್ರಿಲ್ 5

ಅಕ್ಕ,

ನೋಟಿಸಿನ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾನು ಹೇಳಿದ್ದನ್ನು ಅವರು ವಾರಗಟ್ಟಲೆ ಮಡಚಿಟ್ಟುಕೊಂಡು ಕೂತುಬಿಡುತ್ತಿದ್ದರು. ಏಪ್ರಿಲ್ ಮುಗಿಯುವವರೆಗೂ ಕೂತರೂ ಕೂತರು ಎಂದು ನನಗೇ ಅನ್ನಿಸತೊಡಗಿತ್ತು. ನಿನ್ನ ನೋಟಿಸು ಬಂದ ದಿನ ಮಧ್ಯಾಹ್ನವೇ ಕಂಪನಿಯ ವಕೀಲರು ನನ್ನನ್ನು ಕರೆದರು.

ಅವರು ಒಳ್ಳೆಯವರು. ಕೋರ್ಟಿಗೆ ಹೋದರೆ ಸೋಲುತ್ತೇವೆ, ಹೇಗೂ ನಿಲ್ಲಿಸುತ್ತಿರುವ ಮಾದರಿ, ಕೋಡ್ ತೆರೆದುಬಿಡೋಣ ಎಂದು ಅವರೇ ಹೇಳಿದರು. ಈ ತಿಂಗಳ 25ರೊಳಗೆ ಎಲ್ಲರಿಗೂ ಸಿಗುವಂತೆ ಹಾಕುತ್ತಾರೆ. ನಿನ್ನ ಮೇಷ್ಟ್ರಿಗೆ ಬರೆ.

ನನ್ನ ವಿಷಯ. ವಕೀಲರು ನನಗೆ ಒಂದು ದಾರಿ ತೋರಿಸಿದರು. ಯಾರದೋ ಸಾಲುಗಳು ಗೊತ್ತಿಲ್ಲದೆ ಬೆರೆತುಹೋಗಿವೆ, ಈಗ ಗಮನಕ್ಕೆ ಬಂತು ಎಂದು ಬರೆದುಕೊಡಿ, ಕೆಲಸ ಉಳಿಯುತ್ತದೆ, ಕಂಪನಿಗೂ ಮರ್ಯಾದೆ ಎಂದರು. ಬೇಡ ಎಂದೇನೂ ನಾನು ಎದೆ ಸೆಟೆಸಿ ಹೇಳಲಿಲ್ಲ. ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಅಷ್ಟರಲ್ಲಿ ಅವರು ಕೋಡಿನ ನಡುವೆ ಇದ್ದ ಒಂದು ಟಿಪ್ಪಣಿಯನ್ನು ತೋರಿಸಿ, "ಇದು ನಿಮ್ಮ ಭಾಷೆ ಇರಬೇಕು, ನಮ್ಮಲ್ಲಿ ಯಾರಿಗೂ ಓದೋಕೆ ಬರಲ್ಲ. ಏನಿದೆ ಇದರಲ್ಲಿ?" ಎಂದರು. ಏನಿಲ್ಲ ಎಂದರೆ ಮುಗಿಯುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಓದಿ ಅರ್ಥ ಹೇಳಿದೆ. ಅವರು ನನ್ನ ಮುಂದಿದ್ದ ಕಾಗದವನ್ನು ಮೆಲ್ಲಗೆ ವಾಪಸು ಎಳೆದುಕೊಂಡರು.

ಶುಕ್ರವಾರ ನನ್ನ ಕೊನೆಯ ದಿನ. ಮುಂದಿನದು ಗೊತ್ತಿಲ್ಲ. ಹೆಂಡತಿ ಧೈರ್ಯವಾಗಿದ್ದಾಳೆ, ನನಗಿಂತ. ಮಗಳು ಎಲ್ಲ ಕೇಳಿಸಿಕೊಂಡು, "ಅತ್ತೆಗೆ ಸಾರಿ ಕೇಳಿದ್ಯಾ?" ಎಂದಳು. ಕಾಗದದಲ್ಲಿ ಕೇಳಿದ್ದೇನೆ ಎಂದೆ. "ಕಾಗದದಲ್ಲಿ ಕೇಳಿದ್ರೆ ಲೆಕ್ಕಕ್ಕಿಲ್ಲಪ್ಪ" ಎಂದಳು.

ತಮ್ಮ


ಏಪ್ರಿಲ್ 12

ಮರಿ,

ಅಕ್ಕನ ಕೈಲಿ ಬರೆಸಿದ್ರೆ ಅವಳು ತನಗೆ ಬೇಕಾದ ಹಾಗೆ ತಿದ್ದುತಾಳೆ ಅಂತ ನಾನೇ ಬರೀತಿದೀನಿ. ಅಕ್ಷರ ದೊಡ್ಡದಾಗಿದೆ, ಕನ್ನಡಕ ಬದಲಾಯಿಸಬೇಕು.

ಕೆಲಸ ಹೋಯ್ತು ಅಂತ ಕೇಳಿದೆ. ಹೋದ್ರೆ ಹೋಗಲಿ. ಬಟ್ಟೆ ಕತ್ತರಿಸುವಾಗ ಒಂದ್ಸಲ ತಪ್ಪು ಕತ್ತರಿಸಿದ್ರೆ ಬಟ್ಟೆ ಬಚ್ಚಿಡ್ತಾರಾ? ಗಿರಾಕಿನ ಕರೆದು ಹೀಗಾಯ್ತು ಅಂತ ಹೇಳಬೇಕು. ನೀನು ಹೇಳಿದೀಯ, ತಡವಾಗಿ ಹೇಳಿದೀಯ. ಅಕ್ಕನೂ ಕಾಯಲಿಲ್ಲ. ಇಬ್ಬರೂ ನನ್ನ ಮಕ್ಕಳೇ ಅನ್ನೋದರಲ್ಲಿ ಅನುಮಾನ ಇಲ್ಲ.

ಮೊಮ್ಮಗಳಿಗೆ ಫೋಟೊ ನೋಡಿ ನೋಡಿ ಅಂದಾಜಿನ ಮೇಲೆ ಅಂಗಿ ಹೊಲಿದು ಸಾಕಾಗಿದೆ. ಹೋದ ಸಲದ್ದು ಭುಜ ಬಿಗಿಯಾಯ್ತು ಅಂತ ನೀನು ಹೇಳಲಿಲ್ಲ, ಅವಳೇ ಫೋನಲ್ಲಿ ಹೇಳಿದಳು. ಅಳತೆ ಬರೆದು ಕಳಿಸಬೇಡ. ನಿಮಗೆ ಅಳತೆ ತೆಗೆಯೋಕೆ ಬರಲ್ಲ.

ಅಮ್ಮ


ಏಪ್ರಿಲ್ 28

ತಮ್ಮನಿಗೆ,

ಕೋಡ್ ಸಿಕ್ಕಿತು. 25ನೇ ತಾರೀಖು ಮಧ್ಯಾಹ್ನ ಹಾಕಿದ್ದರು, ನಾನು ಬೆಳಗಿನಿಂದಲೇ ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿದ್ದೆ. ಕೀಲಿ ಕೇಳುವ ಭಾಗವನ್ನು ಹುಡುಕಿ ತೆಗೆಯಲು ಎರಡು ದಿನ ಹಿಡಿಯಿತು. ಚೆನ್ನಾಗಿ ಬರೆದಿದ್ದೀಯ, ಅದನ್ನು ಹೇಳಲೇಬೇಕು. ನನ್ನ ಕಾಲದ ಗೊಂದಲವನ್ನೆಲ್ಲ ಒಪ್ಪಮಾಡಿಟ್ಟಿದ್ದೀಯ. ನಿನ್ನೆ ಯಂತ್ರದ ತಾರೀಖನ್ನು ಮೇ ತಿಂಗಳಿಗೆ ತಿರುಗಿಸಿ ಪರೀಕ್ಷೆ ಮಾಡಿದೆವು. ಮೂರೂ ಎದ್ದವು. ನಮ್ಮ ಮುಖ್ಯಸ್ಥರು ಬಾಗಿಲಲ್ಲಿ ನಿಂತು ನೋಡಿ, ಎಲ್ಲರಿಗೂ ಚಹಾ ತರಿಸಿದರು. ಇವತ್ತು ಎರಡನೇ ತರಗತಿಯ ಗಣಿತದ ಪುಸ್ತಕ ಓಡುತ್ತಿದೆ. ಮೇಷ್ಟ್ರಿಗೆ ಏನು ತೆಗೆಯಬೇಕು, ಹೇಗೆ ತೆಗೆಯಬೇಕು ಎಂದು ಎಲ್ಲವನ್ನೂ ಬರೆದು ಕಳಿಸಿದ್ದೇನೆ.

ಕೆಲಸ ಮುಗಿದ ಮೇಲೆ ಇನ್ನೊಂದು ಉಳಿದಿತ್ತಲ್ಲ, ಆ ಏಳನೇ ಸಾಲಿನ ಬಿಡುವು. ಸುಮ್ಮನೆ ಯಾಕೆ, ಅದನ್ನೂ ತೆಗೆದುಬಿಡೋಣ, ಒಂದೊಂದು ಪುಸ್ತಕಕ್ಕೂ ಎಷ್ಟೋ ಹೊತ್ತು ಉಳಿಯುತ್ತದೆ ಎಂದು ಆ ಜಾಗ ಹುಡುಕಿದೆ. ಸಿಕ್ಕಿತು. ಅದರ ತಲೆಯ ಮೇಲೆ ನಾನು ಹದಿಮೂರು ವರ್ಷದ ಹಿಂದೆ ಬರೆದ ಟಿಪ್ಪಣಿ ಹಾಗೇ ಇತ್ತು. "ಅಮ್ಮನ ಮೇಜಿನ ಕಾಲು ಮೋಟು. ಏಳು ಸಾಲಿಗೊಮ್ಮೆ ಉಸಿರು ಬಿಡಲಿ." ವಕೀಲರು ನಿನ್ನ ಹತ್ತಿರ ಅರ್ಥ ಕೇಳಿದ್ದು ಇದನ್ನೇ ಎಂದು ನಾನು ಇಲ್ಲಿಯವರೆಗೆ ಅಂದುಕೊಂಡಿದ್ದೆ. ಇದಕ್ಕೆ ಯಾಕೆ ಕೆಲಸ ಹೋಗಬೇಕು ಎಂದು ಒಳಗೊಳಗೆ ಆಶ್ಚರ್ಯವೂ ಆಗಿತ್ತು.

ಅದರ ಕೆಳಗೆ ಇನ್ನೊಂದು ಇತ್ತು. ನೀನು ಬರೆದದ್ದು, ಹನ್ನೊಂದು ವರ್ಷದ ಹಿಂದಿನ ತಾರೀಖು.

"ಇದು ಅಕ್ಕನ ಸಾಲು. ಕೇಳದೆ ತಂದಿದ್ದೇನೆ. ಒಂದು ದಿನ ಹೋಗಿ ಕೇಳುತ್ತೇನೆ. ಅಲ್ಲಿಯವರೆಗೆ ಯಾರೂ ತೆಗೆಯಬೇಡಿ."

ಕುರ್ಚಿಯಲ್ಲಿ ಹಾಗೇ ಕೂತೆ. ಕಣ್ಣು ತುಂಬಿ ಬಂದು ಅಕ್ಷರ ಕಾಣಲಿಲ್ಲ. ಬೀಗ ಹಾಕಿದ ಆ ಪೆಟ್ಟಿಗೆಯೊಳಗೆ, ಓದಲು ಬರುವವರು ಯಾರೂ ಇಲ್ಲದ ಕಡೆ, ಇದನ್ನು ಯಾರಿಗೆಂದು ಬರೆದಿಟ್ಟೆ ನೀನು? ಪ್ರೂಫಮ್ಮ ಮೇಜಿನ ಆ ಕಡೆಯಿಂದ, "ಯಾಕೆ, ಮೂಗು ಎಳೀತಿದ್ದೀರಿ?" ಎಂದರು. ಅವರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯಂತ್ರದ ಸದ್ದು ಕೇಳಿಸಿಕೊಂಡು, "ಹಾಗಾದ್ರೆ ಇವತ್ತು ತೆಗೀಬೇಡಿ" ಎಂದು ತಮ್ಮ ಪುಟಕ್ಕೆ ವಾಪಸಾದರು.

ತೆಗೆಯಲಿಲ್ಲ. ಟಿಪ್ಪಣಿಗಳಲ್ಲಿ ಒಂದು ಅಕ್ಷರವನ್ನೂ ಮುಟ್ಟಿಲ್ಲ.

ಅಮ್ಮನ ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಒಂದು ಕಡೆ ಸರಿಸಿ ಅರ್ಧ ಮೇಜು ಖಾಲಿ ಮಾಡಿದ್ದೇನೆ. ಮುದ್ರಣಾಲಯಕ್ಕೆ ಈ ಕೋಡನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು, ಬೇರೆ ಶಾಲೆಗಳಿಂದಲೂ ಕಾಗದ ಬರುತ್ತಿವೆ, ಅದನ್ನು ಆಮೇಲೆ ಮಾತಾಡೋಣ. ಅಳತೆ ಟೇಪು ಹಿಡಿದು ಅಮ್ಮ ಕಾಯುತ್ತಿದ್ದಾಳೆ. ಕಾಗದದಲ್ಲಿ ಕೇಳಿದರೆ ಲೆಕ್ಕಕ್ಕಿಲ್ಲ ಎಂದು ನಿನ್ನ ಮಗಳು ಹೇಳಿದ್ದು ಸರಿಯಾಗಿದೆ.

ಒಂದು ದಿನ ಹೋಗಿ ಕೇಳುತ್ತೇನೆ ಎಂದು ಬರೆದಿದ್ದೀಯ. ನೀನು ಇನ್ನೂ ಬಂದು ಕೇಳಿಲ್ಲ. ಬಂದು ಕೇಳು. ಅಲ್ಲಿಯವರೆಗೆ ಆ ಸಾಲನ್ನು ನಾನೂ ತೆಗೆಯುವುದಿಲ್ಲ.

ಇಂತಿ,
ನಿನ್ನ ಅಕ್ಕ